ಕಪ್ಪಾದ ಆಯಿಲ್

ಇವತ್ತು ಗಾಡಿ ಆಯಿಲ್ ಚೇಂಜ್‌ಗೆ ಬಿಟ್ಟಿದ್ದೆ. ಡ್ರೈನ್ ಬೋಲ್ಟ್ ಬಿಚ್ಚಿದ್ದೇ ತಡ, ಕಾಡಿಗೆ ಕರಗಿಸಿ ಸುರಿದ ಹಾಗೆ ಕಪ್ಪು ಧಾರೆ. ಪಕ್ಕದಲ್ಲಿ ನಿಂತಿದ್ದವರೊಬ್ಬರು "ಅಯ್ಯೋ, ಪೂರ್ತಿ ಹಾಳಾಗೋಗಿದೆ ಬಿಡಿ" ಅಂದ್ರು.

ಹಾಗೇನಿಲ್ಲ ಕಣ್ರೀ. ಆಯಿಲ್‌ನಲ್ಲಿ ಇಂಜಿನ್ ಕ್ಲೀನ್ ಇಡೋಕೆ ಅಂತ ಬೆರೆಸಿರೋ ಡಿಟರ್ಜೆಂಟ್ ಮಸಿಯನ್ನ ಎಳ್ಕೊಂಡಿರುತ್ತೆ, ಅದಕ್ಕೇ ಕಪ್ಪು. ಡೀಸೆಲ್ ಇಂಜಿನ್‌ನಲ್ಲಂತೂ ಹೊಸ ಆಯಿಲ್ಲೂ ಬೇಗನೇ ಕಪ್ಪಾಗುತ್ತೆ. ಬಣ್ಣ ನೋಡಿ ತೀರ್ಮಾನ ಮಾಡೋದಲ್ಲ, ಗಾಡಿ ಜೊತೆ ಕೊಟ್ಟ ಪುಸ್ತಕ ನೋಡ್ಬೇಕು. ಈಗಿನ ಎಷ್ಟೋ ಕಾರುಗಳಿಗೆ 10,000 ಕಿಲೋಮೀಟರ್, ಇಲ್ಲಾ 1 ವರ್ಷ. ಯಾವುದು ಮೊದಲೋ ಅದು.

ಈ "1 ವರ್ಷ" ಅನ್ನೋ ಲೆಕ್ಕ ಮಾತ್ರ ಯಾರಿಗೂ ನೆನಪಿರಲ್ಲ. "ಗಾಡಿ ಓಡೇ ಇಲ್ವಲ್ಲ" ಅಂತಾರೆ. ಅಲ್ಲಲ್ಲೇ ಹತ್ತಿರಕ್ಕೆ ಹೋಗಿಬರೋ ಗಾಡಿಯ ಇಂಜಿನ್ ಸರಿಯಾಗಿ ಬಿಸಿಯೇ ಆಗಲ್ಲ. ನೀರಿನ ಪಸೆ, ಉರಿಯದೆ ಉಳಿದ ಪೆಟ್ರೋಲ್ ಆವಿಯಾಗಿ ಹೋಗದೆ ಆಯಿಲ್‌ಗೇ ಸೇರ್ಕೊಳ್ಳುತ್ತೆ. ನನ್ನ ಕೇಳಿದ್ರೆ ಕಮ್ಮಿ ಓಡೋ ಗಾಡಿಗೇ ಜಾಸ್ತಿ ಗಮನ ಬೇಕು.

ಇನ್ನು ಫಿಲ್ಟರ್. ಆಯಿಲ್ ಹೊಸದು ಹಾಕಿ ಫಿಲ್ಟರ್ ಹಳೇದೇ ಇರ್ಲಿ ಅನ್ನೋ ಉಳಿತಾಯ ಬೇಡ. ಫಿಲ್ಟರ್ ಕಟ್ಟಿಕೊಂಡ್ರೆ, ಅದನ್ನ ತಪ್ಪಿಸಿ ಆಯಿಲ್ ಬಿಡೋ ಬೈಪಾಸ್ ವಾಲ್ವ್ ತೆರೆದು ಸೋಸದ ಆಯಿಲೇ ಇಂಜಿನ್‌ಗೆ ಹೋಗುತ್ತೆ. ಗಾಡಿ ಓಡ್ತಾನೇ ಇರುತ್ತೆ, ನಮಗೆ ಗೊತ್ತೂ ಆಗಲ್ಲ.