ಮಳೆಗಾಲ ಮುಗಿದ ಮೇಲೆ ಮುತ್ತಿನ ಪೆಟ್ಟಿಗೆ

ಭೂಮಿ ಹುಣ್ಣಿಮೆ ಕಳೆದು ದೀಪಾವಳಿ ಬರುವುದರೊಳಗೆ ಮಲೆನಾಡಿನಲ್ಲಿ ನಾಲ್ಕಾರು ದಿನ ಮಳೆ ಹೊಳವಾಗುತ್ತದೆ. ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಆಗ ಟ್ರಂಕು, ಬೀರು ಎಲ್ಲ ಬಾಯಿ ತೆರೆದು ರೇಷ್ಮೆ ಸೀರೆ, ಕಂಬಳಿ, ಹಾಸಿಗೆಗಳು ಅಂಗಳಕ್ಕೆ ಬೀಳುತ್ತವೆ. ಮುತ್ತಿನ ಒಡವೆ ತೆಗೆಯುವುದಕ್ಕೂ ಅದೇ ದಿನ ಸರಿ. ಆದರೆ ಅದು ಅಂಗಳಕ್ಕೆ ಹೋಗುವಂತಿಲ್ಲ, ಜಗಲಿ ದಾಟುವಂತಿಲ್ಲ. ಮುತ್ತು ಕಲ್ಲಲ್ಲ. ಚಿಪ್ಪಿನ ಹುಳು ಪದರದ ಮೇಲೆ ಪದರ ಕಟ್ಟಿದ ಸುಣ್ಣ, ಪದರಗಳ ನಡುವೆ ಅಂಟಿನಂಥ ಪ್ರೋಟೀನು, ಜೊತೆಗೆ ನೂರಕ್ಕೆ 2ರಿಂದ 4 ಪಾಲು ನೀರು. ಬಿಸಿಲಿಗೆ ಆ ನೀರು ಆರಿದರೆ ಹಳದಿಗಟ್ಟುತ್ತದೆ, ಕೂದಲೆಳೆಯ ಬಿರುಕು ಬಿಡುತ್ತದೆ. ಬಿರುಕು ಬಿಟ್ಟಿದ್ದನ್ನು ಕೂಡಿಸುವ ಉಪಾಯ ಯಾವ ಅಕ್ಕಸಾಲಿಗನ ಬಳಿಯೂ ಇಲ್ಲ.

ಇನ್ನೊಂದು ಮಾತು. ಅಡಿಕೆ ಕೊಯ್ಲು ಶುರುವಾಗುವುದೂ ಇದೇ ಹೊತ್ತಿಗೆ. ಅಡಿಕೆ ಸುಲಿದ ಕೈ, ಅದರ ರಸದ ಚೊಗರು ಹತ್ತಿದ ಉಗುರು ಮುತ್ತಿನ ಹತ್ತಿರ ಸುಳಿಯಬಾರದು. ಚೊಗರಿನ ಕಂದು ಮುತ್ತಿನ ತೂತಿನ ಅಂಚಿಗೂ ದಾರಕ್ಕೂ ಹಿಡಿದರೆ ಬಿಡುವುದಿಲ್ಲ.

ಬೆಳಗ್ಗೆ ಒಂಬತ್ತರ ಹೊತ್ತಿಗೆ ಜಗಲಿಯಲ್ಲಿ ದಪ್ಪ ಟವೆಲ್ ಹಾಸಿ ಪೆಟ್ಟಿಗೆಯನ್ನು ಅದರ ಮೇಲೇ ತೆರೆಯಬೇಕು. ಬರಿ ನೆಲದ ಮೇಲೆ ಬಿದ್ದ ಒಂದು ಮುತ್ತು ಕೊಟ್ಟಿಗೆಯವರೆಗೂ ಉರುಳುತ್ತದೆ. ಮೊದಲು ಕಣ್ಣಿಗೆ ಬೀಳುವುದು ಒಡವೆಯಲ್ಲ, ಕಾಗದ. ಅಂಗಡಿಯವರು ಸುತ್ತಿಕೊಡುವ ತೆಳು ಗುಲಾಬಿ ಕಾಗದವನ್ನು ಹಾಗೇ ಪೆಟ್ಟಿಗೆಗೆ ಇಡುವುದು ಎಲ್ಲರ ರೂಢಿ. ಚಿನ್ನಕ್ಕೆ ಅದರಿಂದ ಏನೂ ಆಗುವುದಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಥಂಡಿ ಕುಡಿದ ಆ ಕಾಗದ ಬಣ್ಣ ಬಿಟ್ಟಿರುತ್ತದೆ. ಬಿಳಿ ಮುತ್ತಿನ ಒಂದು ಮಗ್ಗುಲಲ್ಲಿ ಎಳೆ ಗುಲಾಬಿ ಮಚ್ಚೆ, ದಾರದ ಗಂಟಿನಲ್ಲಿ ಇನ್ನೂ ಗಾಢ. ಮೇಲಿನ ಮಚ್ಚೆ ಒದ್ದೆ ಬಟ್ಟೆಗೆ ಒಂದಿಷ್ಟು ಹೋದೀತು, ಗಂಟಿನೊಳಗಿನದು ಹೋಗದು. ಕೆಂಪು ಮಖಮಲ್ಲಿನ ಡಬ್ಬಿಯೂ ಇದೇ ಜಾತಿ. ನೋಡಲು ಚೆಂದ, ಕೊಡಲು ಚೆಂದ, ಮಲೆನಾಡಿನಲ್ಲಿ ಇಡಲು ಮಾತ್ರ ಅಲ್ಲ.

ಮುತ್ತಿನ ಬಗ್ಗೆ ಓದಲು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಒಣ ಸೀಮೆಯವರು ಬರೆದವು. ಮುತ್ತು ಒಣಗೀತು, ಪೆಟ್ಟಿಗೆಯಲ್ಲಿ ಒದ್ದೆ ಹತ್ತಿ ಇಡಿ, ಬಟ್ಟಲಲ್ಲಿ ನೀರಿಡಿ ಎನ್ನುತ್ತವೆ. ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆಯ ಮಗ್ಗುಲಲ್ಲಿ ಹಾಗೆ ಮಾಡಿದರೆ ಪೆಟ್ಟಿಗೆಯಲ್ಲಿ ಅಣಬೆ ಏಳುವುದೊಂದು ಬಾಕಿ. ನಮ್ಮ ಕಡೆ ಮುತ್ತು ತಾನಾಗಿ ಕೆಡುವುದು ಅಪರೂಪ. ಕೆಡಿಸುವುದು ಅದರ ಸುತ್ತ ಇರುವ ದಾರ, ಕಾಗದ, ಪೆಟ್ಟಿಗೆ.

ಪೆಟ್ಟಿಗೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಹೊಸ ಪ್ಲೈವುಡ್, ಒತ್ತಿದ ಮರಪುಡಿಯ ಹಲಗೆ, ರಟ್ಟಿನ ಡಬ್ಬಿ ಇವೆಲ್ಲ ಸಣ್ಣಗೆ ಆಮ್ಲದ ಆವಿ ಬಿಡುತ್ತಲೇ ಇರುತ್ತವೆ. ಸುಣ್ಣಕ್ಕೆ ಹುಳಿ ಬಿದ್ದರೆ ಏನಾಗುತ್ತದೆಂದು ಅಡುಗೆಮನೆಯಲ್ಲಿ ಎಲ್ಲರೂ ನೋಡಿದ್ದೇ. ಮರದ ಕಪಾಟಿನಲ್ಲಿಟ್ಟ ಚಿಪ್ಪುಗಳ ಮೇಲೆ ಬಿಳಿ ಪುಡಿ ಏಳುವುದನ್ನು ವಸ್ತುಸಂಗ್ರಹಾಲಯದವರು ಬೈನ್ ರೋಗ ಎನ್ನುತ್ತಾರೆ. ಹೆಸರು ರೋಗ, ರೋಗಾಣು ಏನೂ ಇಲ್ಲ, ಮರದ ಹುಳಿ ಆವಿ ಮತ್ತು ತೇವ ಸೇರಿ ಸುಣ್ಣವನ್ನು ತಿನ್ನುವುದಷ್ಟೇ. ಮುತ್ತೂ ಚಿಪ್ಪೂ ಒಂದೇ ಮಣ್ಣಿನವು. ಸಾಗರ, ಸೊರಬದ ಗುಡಿಗಾರರು ಕೆತ್ತಿದ ಗಂಧದ ಪೆಟ್ಟಿಗೆ ಮನೆಯಲ್ಲಿದ್ದರೆ ಅದರಲ್ಲಿ ಚಿನ್ನದ ಬಳೆ ಇರಲಿ, ಮುತ್ತು ಬೇಡ. ಎಣ್ಣೆ ಸೂಸುವ ಮರ ಅದು. ಮುತ್ತಿಗೆ ಅಗಲವಾದ, ಎರಡು ಮೂರು ಇಂಚು ಎತ್ತರದ ಸ್ಟೀಲ್ ಡಬ್ಬಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಮುಚ್ಚಳ ಸಡಿಲವಾಗಿರಲಿ, ರಬ್ಬರ್ ಪಟ್ಟಿಯ ಗಾಳಿಯಾಡದ ಡಬ್ಬಿ ಬೇಡ. ಒಳಗೆ ಹಳೆಯ ಪಂಚೆ ಹಾಸಬೇಕು. ಹತ್ತಾರು ಸಲ ಒಗೆದು ಗಂಜಿಯೂ ನೀಲಿಯೂ ಹೋದ ಪಂಚೆಯ ಮೆದು ಹೊಸ ಬಟ್ಟೆಗೆ ಬರುವುದಿಲ್ಲ.

ಡಬ್ಬಿಗೆ ಹಾಕುವ ಮುಂಚೆ ಒಡವೆಗಳನ್ನು ಟವೆಲ್ ಮೇಲೆ ಬೇರೆ ಮಾಡಿಕೊಳ್ಳಬೇಕು. ಯಾವುದು ಅಸಲಿ ಎಂಬ ಅನುಮಾನವಿದ್ದರೆ ಮುತ್ತನ್ನು ಮುಂದಿನ ಹಲ್ಲಿಗೆ ಮೆಲ್ಲಗೆ ಉಜ್ಜಿದರೆ ಸಾಕು. ಅಸಲಿಯದು ಸಣ್ಣ ಮರಳಿನ ಹಾಗೆ ತರಿ ತರಿ, ಗಾಜಿನದು ಜಾರುತ್ತದೆ. ನಕಲಿಯ ತೂತಿನ ಅಂಚಿನಲ್ಲಿ ಮೇಲಿನ ಲೇಪ ಸಿಪ್ಪೆ ಎದ್ದಿರುವುದೂ ಕಾಣುತ್ತದೆ. ಆ ಲೇಪ ಸೆಕೆಗೆ ಪಕ್ಕದ್ದಕ್ಕೆ ಅಂಟುವುದರಿಂದ ಅದರ ಡಬ್ಬಿಯೇ ಬೇರೆ. ಕೃಷಿ ಮಾಡಿ ಬೆಳೆದ ಮುತ್ತೂ ಹಲ್ಲಿಗೆ ತರಿಯಾಗಿಯೇ ಸಿಗುತ್ತದೆ, ಅದು ನಕಲಿ ಅಲ್ಲ. ಹೈದರಾಬಾದಿನಿಂದ ತಂದ ಸರಗಳಲ್ಲೂ ಹೆಚ್ಚಿನವು ಅಂಥವೇ.

ಆಮೇಲೆ ದಾರದಲ್ಲಿ ಪೋಣಿಸಿದ್ದು ಒಂದು ಕಡೆ, ಚಿನ್ನದಲ್ಲಿ ಕೂರಿಸಿದ್ದು ಇನ್ನೊಂದು ಕಡೆ. ಬುಗುಡಿ, ನತ್ತು, ಮಾಟಿ, ಕೆಂಪಿನ ಪದಕಕ್ಕೆ ಇಳಿಬಿಟ್ಟ ಮುತ್ತು ಇವು ಎರಡನೆಯ ಗುಂಪು. ಮುತ್ತಿನ ಗಡಸುತನ ಒಂದರಿಂದ ಹತ್ತರವರೆಗಿನ ಮೋಸ್ ಅಳತೆಯಲ್ಲಿ 2.5ರಿಂದ 4.5, ಕೆಂಪಿನದು, ಅಂದರೆ ಮಾಣಿಕ್ಯದ್ದು, 9. ಕೆಂಪಿನ ಅಡ್ಡಿಗೆ ಮುತ್ತಿನ ಸರದ ಜೊತೆ ಒಂದೇ ಚೀಲದಲ್ಲಿ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿಬಂದರೆ ಸರದ ಹೊಳಪು ಅಷ್ಟಕ್ಕೇ ಮಂಕಾಗುತ್ತದೆ. ಪ್ರತಿಯೊಂದಕ್ಕೂ ಅದರದೇ ಪಂಚೆಯ ಚೀಲ. ಸರವನ್ನು ಗೂಟಕ್ಕೆ ತೂಗುಹಾಕಬಾರದು, ದಾರ ಜಗ್ಗುತ್ತದೆ. ಉದ್ದಕ್ಕೆ ಮಲಗಿಸಿಡಬೇಕು.

ಒರೆಸುವುದಕ್ಕೆ ನೀರಲ್ಲಿ ಅದ್ದಿ ಬಿಗಿಯಾಗಿ ಹಿಂಡಿದ ಬಟ್ಟೆ ಸಾಕು. ಜಿಡ್ಡಿದ್ದರೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಮೆದು ಶಾಂಪೂ, ಕೊನೆಗೆ ಬರಿ ನೀರಿನ ಬಟ್ಟೆ. ಒಂದೊಂದೇ ಮುತ್ತು ಹಿಡಿದು ಒರೆಸಬೇಕು, ಸರವನ್ನು ನೀರಲ್ಲಿ ಮುಳುಗಿಸಬಾರದು. ಚಿನ್ನ ತೊಳೆಯುವ ಅಂಟುವಾಳ, ಹುಣಸೆ, ನಿಂಬೆ ಎಲ್ಲಕ್ಕೂ ಹುಳಿ ಗುಣ ಇದೆ. ಹಲ್ಲುಪುಡಿ, ಟೂತ್‌ಪೇಸ್ಟ್, ಅಡುಗೆ ಸೋಡಾ ಗೀರುತ್ತವೆ. ಹಳೆಯ ಕೆಂಪಿನ ಒಡವೆಯ ಒಳಗೆ ಅರಗು ತುಂಬಿರುತ್ತದೆ. ಅದಕ್ಕೆ ನೀರೂ ಬೇಡ, ಶಾಖವೂ ಬೇಡ.

ಒರೆಸುವಾಗ ಕುತ್ತಿಗೆಯ ಹಿಂಭಾಗದಲ್ಲಿ ಕೂರುವ ಏಳೆಂಟು ಮುತ್ತು ನೋಡಿ. ಬೆವರು, ಕೊಬ್ಬರಿ ಎಣ್ಣೆ ಎರಡೂ ಅಲ್ಲಿಗೇ ಇಳಿಯುವುದರಿಂದ ಹಳದಿ ಅಲ್ಲಿಂದ ಶುರು, ದಾರ ಕಪ್ಪಾಗುವುದೂ ಅಲ್ಲಿಂದಲೇ. ಗಂಟಿನಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ ಕಂಡರೆ ಅದು ಬೂಸಲು. ಬೂಸಲು ಏಳುವುದು ರೇಷ್ಮೆಗೆ ಮತ್ತು ಅದಕ್ಕಂಟಿದ ಜಿಡ್ಡಿಗೆ, ಮುತ್ತಿಗಲ್ಲ. ಅದನ್ನು ತೊಳೆಯಲು ಹೋಗದೆ ದಾರ ಕತ್ತರಿಸಿ ಹೊಸದಾಗಿ ಪೋಣಿಸುವುದೇ ಸರಿ. ಚುಕ್ಕೆ ಇಲ್ಲದಿದ್ದರೂ ಸರ ಎತ್ತಿ ಹಿಡಿದಾಗ ಮುತ್ತು ಗಂಟಿನಿಂದ ದೂರ ಸರಿದು ನಡುವೆ ಬರಿ ದಾರ ಕಂಡರೆ ಆಯಸ್ಸು ಮುಗಿದಂತೆ.

ಪೋಣಿಸಲು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಬಹುದು, ಒಡವೆ ಪೋಣಿಸುವುದೇ ಕಸುಬಾದ ಪಟವೇಗಾರರು ಸಿಕ್ಕರೆ ಇನ್ನೂ ಒಳ್ಳೆಯದು. ಮನೆಯಲ್ಲೇ ಮಾಡುವುದಾದರೆ ಹಿಂದಿನ ರಾತ್ರಿಯೇ ಎರಡು ಮೀಟರ್ ದಾರಕ್ಕೆ ಒಂದು ಸಣ್ಣ ಬೀಗ ಕಟ್ಟಿ ತೂಗುಹಾಕಬೇಕು. ಜಗ್ಗುವಷ್ಟು ಅಲ್ಲೇ ಜಗ್ಗಲಿ. ಸರದ ಫೋಟೋ ತೆಗೆದುಕೊಂಡು, ಟವೆಲ್ಲಿನ ಮಡಿಕೆಯನ್ನು ಕಾಲುವೆಯ ಹಾಗೆ ಮಾಡಿ, ಕೊಂಡಿಯ ಕಡೆಯಿಂದ ಕತ್ತರಿಸಿ, ಮುತ್ತುಗಳನ್ನು ಬಂದ ಸಾಲಿನಲ್ಲೇ ಅದರಲ್ಲಿ ಇಳಿಸಬೇಕು. ನಡುವೆ ದೊಡ್ಡದು, ತುದಿಗೆ ಸಣ್ಣದಾಗಿರುವ ಸರವಾದರೆ ಸಾಲು ತಪ್ಪಿದಾಗ ಸರಿಪಡಿಸಲು ಒಂದು ಮಧ್ಯಾಹ್ನ ಬೇಕು. ದಾರ ಎರಡೆಳೆಯಾಗಿ ತೂತಿನಲ್ಲಿ ಬಿಗಿಯಾಗಿ ಹೋಗಬೇಕು, ಒಂದೊಂದು ಮುತ್ತಿನ ನಡುವೆ ಹಾಕಿದ ಗಂಟು ತೂತಿನೊಳಗೆ ನುಸುಳಬಾರದು. ಗಂಟಿನ ಕುಣಿಕೆ ಸಡಿಲವಾಗಿರುವಾಗಲೇ ಅದರೊಳಗೆ ಸೂಜಿ ತೂರಿಸಿ, ಮುತ್ತಿನ ಬುಡದವರೆಗೆ ದಬ್ಬಿಕೊಂಡು ಹೋಗಿ, ಸೂಜಿ ಹೊರಗೆಳೆದು, ಎರಡೆಳೆಯನ್ನೂ ಬೇರೆ ಬೇರೆ ಮಾಡಿ ಎಳೆದರೆ ಗಂಟು ಮುತ್ತಿಗೆ ಒತ್ತಿ ಕೂರುತ್ತದೆ. ತೀರಾ ಬಿಗಿದರೆ ಸರ ಕೋಲಿನ ಹಾಗೆ ನಿಲ್ಲುತ್ತದೆ, ಕುತ್ತಿಗೆಗೆ ಬಳುಕುವುದಿಲ್ಲ. ಕೊಂಡಿಯ ಹತ್ತಿರ ದಾರವನ್ನು ಸುರುಳಿ ತಂತಿಯೊಳಗೆ ದಾಟಿಸಬೇಕು, ಇಲ್ಲದಿದ್ದರೆ ಲೋಹದ ಉಜ್ಜಿಗೆ ದಾರ ಸವೆದು ಅಲ್ಲೇ ಹರಿಯುತ್ತದೆ. ಇಷ್ಟೆಲ್ಲ ಗಂಟಿನ ರಗಳೆ ಯಾಕೆಂದರೆ, ಸರ ಹರಿದ ದಿನ ಮದುವೆ ಚಪ್ಪರದಲ್ಲಿ ಒಂದೇ ಮುತ್ತು ಹುಡುಕಿದರೆ ಸಾಕಾಗುತ್ತದೆ.

ದಾರ ರೇಷ್ಮೆಯೇ ಆಗಬೇಕೆಂಬ ಹಟ ಮಲೆನಾಡಿಗೆ ಅಷ್ಟು ಹೊಂದುವುದಿಲ್ಲ. ಬಳುಕು ರೇಷ್ಮೆಗೇ ಹೆಚ್ಚು, ನಿಜ. ಆದರೆ ದಿನಬಳಕೆಯ ಸರಕ್ಕೆ ಹೆಣೆದ ಪಾಲಿಯೆಸ್ಟರ್ ದಾರ ಬೇಗ ಆರುತ್ತದೆ, ಕೊಳೆಯುವುದಿಲ್ಲ. ವರ್ಷಕ್ಕೆರಡು ಸಲ ಹಾಕುವ ಸರಕ್ಕೆ ರೇಷ್ಮೆ ಇರಲಿ.

ಒರೆಸಿದ ಸರ ಆರಲು ಬಯಲುಸೀಮೆಯಲ್ಲಿ ಒಂದು ರಾತ್ರಿ ಸಾಕು, ಇಲ್ಲಿ ಎರಡು ಬೇಕು. ಮೇಲೆ ಆರಿದಂತೆ ಕಂಡರೂ ಗಂಟಿನೊಳಗೆ ಥಂಡಿ ಇರುತ್ತದೆ. ಸೀರೆ ಮಡಚುವ ಮುಂಚೆ ಕೆನ್ನೆಗೆ ಒತ್ತಿ ನೋಡುತ್ತೇವಲ್ಲ, ಹಾಗೆ ಗಂಟನ್ನು ಮೇಲ್ದುಟಿಗೆ ತಾಗಿಸಿ. ಮುತ್ತು ತಣ್ಣಗಿರುವುದು ಸಹಜ, ದಾರ ತಣ್ಣಗಿದ್ದರೆ ಇನ್ನೊಂದು ದಿನ ಬಿಡಿ.

ಡಬ್ಬಿಯ ಜಾಗ ಬೀರುವಿನ ನಡುವಿನ ಅರೆ. ಕೆಳಗಿನದಕ್ಕೆ ನೆಲದ ಥಂಡಿ ಏರುತ್ತದೆ. ಬೀರು ಪಡುವಣ ಗೋಡೆಗೆ ಒರಗಿದ್ದರೆ ಅರ್ಧ ಅಡಿ ಈಚೆ ಎಳೆಯಿರಿ, ಮಳೆ ಹೊಡೆಯುವುದು ಆ ಗೋಡೆಗೇ. ಥಂಡಿ ಹೋಗಲೆಂದು ಬೀರುವಿನಲ್ಲಿ ಬಲ್ಬ್ ಉರಿಸುವವರು ಮುತ್ತನ್ನು ಅದರಿಂದ ದೂರದ ಅರೆಯಲ್ಲಿಡಬೇಕು. ಸಿಲಿಕಾ ಜೆಲ್ ಪೊಟ್ಟಣ ಅರೆಯ ಮೂಲೆಗೆ ಹಾಕಬಹುದು, ಮುತ್ತಿನ ಚೀಲದೊಳಗೆ ಬೇಡ, ಅದು ಮುತ್ತಿನ ನೀರನ್ನೂ ಹೀರಲು ನೋಡುತ್ತದೆ. ನುಸಿಗುಳಿಗೆಯೂ ಬೇಡ. ಲಾವಂಚದ ಬೇರು ಸೀರೆಯ ಅರೆಯಲ್ಲಿರಲಿ. ಒಳಗೆ ಸಣ್ಣ ಆರ್ದ್ರತೆ ಮಾಪಕವೊಂದನ್ನಿಟ್ಟರೆ ಅದು ನೂರಕ್ಕೆ 40ರಿಂದ 60ರ ನಡುವೆ ಇರಬೇಕು. ಆಷಾಢದಲ್ಲಿ ಅದು 80 ದಾಟಿ ನಿಂತಾಗ ಗಾಬರಿ ಬೇಡ. ಹದಿನೈದು ದಿನಕ್ಕೊಮ್ಮೆ ಡಬ್ಬಿ ತೆರೆದು ಫ್ಯಾನಿನಡಿ ಅರ್ಧ ಗಂಟೆ ಇಟ್ಟರಾಯಿತು.

ಪ್ರತಿ ಚೀಲಕ್ಕೂ ಒಂದು ಚೀಟಿ, ಪೆನ್ಸಿಲಿನಲ್ಲಿ, ಶಾಯಿ ಹರಡುತ್ತದೆ. ಮುತ್ತಿನ ಸಂಖ್ಯೆ, ಗಾತ್ರ, ಒಟ್ಟು ತೂಕ, ಚಿನ್ನದ ತೂಕ ಬೇರೆ, ಪೋಣಿಸಿದ ತಿಂಗಳು. 40 ಸೆಂ.ಮೀ. ಸರಕ್ಕೆ 7 ಮಿ.ಮೀ. ಮುತ್ತು ಗಂಟಿಲ್ಲದೆ 57 ಹಿಡಿಸುತ್ತದೆ. ಗಂಟು ಹಾಕಿದಾಗ ಮೂರು ಸೆಂ.ಮೀ. ಆಸುಪಾಸು ಉದ್ದವಾಗುವುದರಿಂದ ಅಷ್ಟೇ ಅಳತೆ ಬೇಕೆಂದರೆ ನಾಲ್ಕು ಮುತ್ತು ಮಿಗುತ್ತವೆ. ಅವನ್ನು ಪುಟ್ಟ ಗಾಜಿನ ಶೀಶೆಗೆ ಹಾಕಿ, ಬಾಯಿಗೆ ಪಂಚೆಯ ಚೂರು ಕಟ್ಟಿ, ಸರದ ಪಕ್ಕದಲ್ಲೇ ಇಡಬೇಕು. ಚೀಟಿಯಲ್ಲಿ ಹೀಗೆ: “57ರಲ್ಲಿ 53 ಪೋಣಿಸಿದೆ, 4 ಇಲ್ಲಿವೆ.”