ಪಾದುವಾದ ಎರಡು ಮರಗೆಲಸ

ವೆನಿಸ್‌ಗೆ ಹೋದವರಲ್ಲಿ ಹೆಚ್ಚಿನವರು ಪಾದುವಾವನ್ನು ರೈಲಿನ ಕಿಟಕಿಯಿಂದಲೇ ನೋಡಿ ಮುಂದೆ ಹೋಗುತ್ತಾರೆ. ಅರ್ಧ ಗಂಟೆ ದಾರಿ ಅಷ್ಟೇ. ನನ್ನ ಜೊತೆ ಬಂದವರಿಗೂ ದೋಣಿ, ಸೇತುವೆಗಳೇ ಸಾಕಾಗಿದ್ದವು. ನನಗೆ ಗೆಲಿಲಿಯೋ ಪಾಠ ಮಾಡಿದ ಜಾಗ ನೋಡಲೇಬೇಕಿತ್ತು, ಹಾಗಾಗಿ ಅವರನ್ನು ಅಲ್ಲೇ ಬಿಟ್ಟು ಬೆಳಗಿನ ರೈಲು ಹತ್ತಿದೆ.

ಇಲ್ಲಿನ ವಿಶ್ವವಿದ್ಯಾಲಯ ಶುರುವಾದದ್ದು 1222ರಲ್ಲಿ. ಹಳೆಯ ಕಟ್ಟಡದ ಹೆಸರು ಪಲಾಝೋ ಬೋ. ಸುಮ್ನೆ ಒಳಗೆ ನುಗ್ಗಿ ಎಲ್ಲವನ್ನೂ ನೋಡಲು ಆಗುವುದಿಲ್ಲ, ಟಿಕೆಟ್ ತೆಗೆದುಕೊಂಡು ಗೈಡ್ ಹಿಂದೆ ಗುಂಪಿನಲ್ಲಿ ನಡೆಯಬೇಕು. ಅಂಗಳದ ಗೋಡೆ, ಕಂಬಸಾಲಿನ ಚಾವಣಿ, ಎಲ್ಲಿ ನೋಡಿದರೂ ಹಳೆಯ ವಿದ್ಯಾರ್ಥಿಗಳ ಮನೆತನದ ಲಾಂಛನಗಳು. ಓದಿದ ಶಾಲೆಯ ಗೋಡೆ ಮೇಲೆ ಹೆಸರು ಕೆತ್ತುವ ಚಟ ಅಲ್ಲೂ ಇತ್ತು ನೋಡಿ, ಅಲ್ಲಿ ಮಾತ್ರ ಬಣ್ಣ ಹಚ್ಚಿ ಗೌರವದಿಂದ ಉಳಿಸಿಕೊಂಡಿದ್ದಾರೆ.

ಗೆಲಿಲಿಯೋ ನಿಂತು ಪಾಠ ಮಾಡಿದ್ದು ಎನ್ನುವ ಕಟ್ಟೆಯನ್ನು ಒಂದು ಕೋಣೆಯಲ್ಲಿ ಇಟ್ಟಿದ್ದಾರೆ. ಒರಟು ಹಲಗೆ, ನಾಲ್ಕಾರು ಮೆಟ್ಟಿಲು, ಒಂದು ಕೆತ್ತನೆಯಿಲ್ಲ, ಪಾಲಿಶ್ ಇಲ್ಲ. ಪಾಠಕ್ಕೆ ಜನ ಜಾಸ್ತಿ ಸೇರುತ್ತಿದ್ದರು, ಹಿಂದೆ ನಿಂತವರಿಗೆ ಮೇಷ್ಟ್ರು ಕಾಣುತ್ತಿರಲಿಲ್ಲ, ಅದಕ್ಕೆ ವಿದ್ಯಾರ್ಥಿಗಳೇ ಇದನ್ನು ಮಾಡಿಸಿದರು ಅನ್ನುವುದು ಅಲ್ಲಿನ ಮಾತು. 1592ರಿಂದ 1610ರವರೆಗೆ ಆತ ಇಲ್ಲೇ ಇದ್ದ. ಗಣಿತದ ಮೇಷ್ಟ್ರಿಗೆ ಸಂಬಳ ಕಡಿಮೆ. ಮನೆಯಲ್ಲಿ ವಿದ್ಯಾರ್ಥಿಗಳನ್ನು ಬಾಡಿಗೆಗೆ ಇಟ್ಟುಕೊಂಡು, ಖಾಸಗಿ ಪಾಠ ಹೇಳಿ, ತಾನೇ ರೂಪಿಸಿದ ಅಳತೆಯ ಕೈವಾರಗಳನ್ನು ಮಾರಿ ಸಂಸಾರ ತೂಗಿಸುತ್ತಿದ್ದ. ಗುರು ಗ್ರಹದ ಚಂದ್ರರನ್ನು 1610ರ ಜನವರಿಯಲ್ಲಿ ಕಂಡದ್ದೂ ಈ ಊರಿನಿಂದಲೇ. ಅದೇ ವರ್ಷ ಫ್ಲಾರೆನ್ಸ್‌ಗೆ ಹೋದ. ಮುಂದಿನ ಕಷ್ಟವೆಲ್ಲ ನಮಗೆ ಗೊತ್ತಿರುವುದೇ.

ನಾನು ಹೋದದ್ದು ಆ ಹಲಗೆಗಾಗಿ. ಆದರೆ ಮನಸ್ಸು ನಿಂತದ್ದು ಮುಂದೆ ನೋಡಿದ, ಹೆಣ ಕೊಯ್ದು ದೇಹದ ರಚನೆ ಕಲಿಸುತ್ತಿದ್ದ ಅಂಗರಚನಾ ರಂಗಮಂದಿರದಲ್ಲಿ. ಫ್ಯಾಬ್ರೀಸಿಯಸ್ ಎಂಬ ಪ್ರಾಧ್ಯಾಪಕನ ಕಾಲದಲ್ಲಿ, 1595ರಲ್ಲಿ ಕಟ್ಟಿ ಮುಗಿಸಿದ್ದು. ಹೆಸರು ಕೇಳಿ ದೊಡ್ಡ ಸಭಾಂಗಣ ಅಂದುಕೊಂಡರೆ ಕೆಟ್ಟಿರಿ. ಪೂರ್ತಿ ಮರದ್ದು, ಒಂದರ ಮೇಲೊಂದು ಆರು ಅಂಡಾಕಾರದ ಸುತ್ತು, ಮೇಲೆ ಅಗಲ, ಕೆಳಗೆ ಕಿರಿದು, ಥೇಟ್ ಎಣ್ಣೆ ಸುರಿಯುವ ಆಲಿಕೆ. ಕೂರಲು ಜಾಗವೇ ಇಲ್ಲ. ಕಟಕಟೆಗೆ ಎದೆ ಒತ್ತಿ ನಿಂತು ಬಗ್ಗಿ ನೋಡಬೇಕಿತ್ತು. ಹೆಣ ಕೊಳೆಯಬಾರದೆಂದು ಚಳಿಗಾಲದಲ್ಲಿ, ಮೇಣದ ಬತ್ತಿ ಬೆಳಕಲ್ಲಿ ಪಾಠ. ನಮ್ಮ ಗುಂಪನ್ನು ಒಳಗೆ ಬಿಟ್ಟದ್ದು ಕೆಳಗಿನಿಂದ, ಅಂದರೆ ಹೆಣ ತರುತ್ತಿದ್ದ ಕಡೆಯಿಂದ. ಕತ್ತೆತ್ತಿದರೆ ಸುತ್ತಲೂ ಕಟಕಟೆಗಳು ನಮ್ಮನ್ನೇ ನೋಡುತ್ತಿವೆ. ಮೇಜಿನ ಮೇಲೆ ಮಲಗಿದವನಿಗೆ ಕಾಣಬಹುದಾಗಿದ್ದ ನೋಟ ಅದು! ಗುಂಪಿನಲ್ಲಿ ಅದುವರೆಗೆ ಪಿಸುಗುಡುತ್ತಿದ್ದ ಹುಡುಗರೂ ಬಾಯಿ ಮುಚ್ಚಿದರು.

ಈ ಕಟಕಟೆ, ಆ ಹಲಗೆ ಎರಡೂ ಹಿಂದಿನ ಸಾಲಿನವರಿಗಾಗಿ ಬಡಗಿ ಮಾಡಿಕೊಟ್ಟ ಉಪಾಯ ಅಲ್ವಾ? ಇಲ್ಲಿ ನಿಂತು ನೋಡಿದವರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆಯೂ ಒಬ್ಬ. 1602ರಲ್ಲಿ ಪದವಿ ಪಡೆದ, ಅಂದರೆ ಅವನು ಓದುವಾಗ ಗೆಲಿಲಿಯೋ ಇದೇ ಊರಿನಲ್ಲಿ ಪಾಠ ಮಾಡುತ್ತಿದ್ದ. ಚರ್ಮದಡಿ ನೀಲಿಯಾಗಿ ಕಾಣುವಂಥ ರಕ್ತನಾಳಗಳ (ಅಭಿಧಮನಿಗಳ) ಒಳಗೆ ಸಣ್ಣ ಸಣ್ಣ ಕವಾಟಗಳಿರುವುದನ್ನು ಫ್ಯಾಬ್ರೀಸಿಯಸ್ ಕಂಡಿದ್ದ, 1603ರಲ್ಲಿ ಪುಸ್ತಕವನ್ನೂ ಬರೆದ. ರಕ್ತ ಕೈಕಾಲಿಗೆ ಒಮ್ಮೆಲೇ ಇಳಿದು ತುಂಬಿಕೊಳ್ಳದಂತೆ ತಡೆಯಲು ಅವು ಇವೆ ಎಂದು ತಿಳಿದ. ಶಿಷ್ಯನಿಗೆ ಬೇರೆಯೇ ಹೊಳೆಯಿತು: ಅವು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುವ ಬಾಗಿಲುಗಳು. ರಕ್ತ ಸುತ್ತು ಹೊಡೆಯುತ್ತದೆ ಎಂದು ಹಾರ್ವೆ 1628ರಲ್ಲಿ ಪ್ರಕಟಿಸಿದ ವಾದಕ್ಕೆ ಇದೊಂದು ದೊಡ್ಡ ಆಧಾರ. ಗುರು ಕಣ್ಣಾರೆ ಕಂಡೂ ಅರ್ಥ ಕೈ ತಪ್ಪಿತು.

ವಾಪಸ್ ರೈಲಿನಲ್ಲಿ ಹಾರ್ವೆಯ ಪುಸ್ತಕದ ಪ್ರಯೋಗ ನೆನಪಾಗಿ ಕರ್ಚೀಫನ್ನು ಮೊಣಕೈ ಮೇಲೆ ಬಿಗಿದೆ. ಮುಂಗೈ ನರಗಳು ಉಬ್ಬಿದವು, ಅಲ್ಲಲ್ಲಿ ಸಣ್ಣ ಗಂಟು, ಅವೇ ಕವಾಟಗಳು. ಮಣಿಕಟ್ಟಿನ ಕಡೆ ಒಂದು ಬೆರಳು ಒತ್ತಿ ಹಿಡಿದು, ಇನ್ನೊಂದರಿಂದ ರಕ್ತವನ್ನು ಮೇಲಿನ ಗಂಟು ದಾಟುವವರೆಗೆ ಸವರಿ ಬಿಟ್ಟರೆ ನಡುವಿನ ನರ ಖಾಲಿ. ಮೇಲಿನಿಂದ ಹನಿ ರಕ್ತ ಇಳಿಯಲಿಲ್ಲ. ಕೆಳಗಿನ ಬೆರಳು ತೆಗೆದೊಡನೆ ತುಂಬಿಕೊಂಡಿತು. ಎದುರು ಕೂತಿದ್ದ ಅಜ್ಜಿ ನನ್ನನ್ನು ಅನುಮಾನದಿಂದ ನೋಡಿದರು, ಏನು ಮಾಡೋಣ, ಇಟಾಲಿಯನ್ ಬರುವುದಿಲ್ಲ.

ಪಲಾಝೋ ಬೋದ ಮೆಟ್ಟಿಲ ಬುಡದಲ್ಲಿ ಎಲೆನಾ ಕೊರ್ನಾರೋ ಪಿಸ್ಕೋಪಿಯಾ ಪ್ರತಿಮೆ ಇದೆ, ತಪ್ಪಿಸಬೇಡಿ. ಧರ್ಮಶಾಸ್ತ್ರದಲ್ಲಿ ಡಾಕ್ಟರೇಟ್ ಬೇಕೆಂದಾಗ ಹೆಣ್ಣಿಗೆ ಕೊಡಲು ಬಿಷಪ್ ಒಪ್ಪಲಿಲ್ಲ. ಕೊನೆಗೆ 1678ರಲ್ಲಿ ತತ್ವಶಾಸ್ತ್ರದಲ್ಲಿ ಸಿಕ್ಕಿತು. ಸಮಯ ಉಳಿದರೆ 1545ರ ಸಸ್ಯೋದ್ಯಾನಕ್ಕೂ ಹೋಗಿ. ಔಷಧಿ ಗಿಡಗಳನ್ನು ಗುರುತಿಸಲು ಕಲಿಸಲೆಂದು ವಿಶ್ವವಿದ್ಯಾಲಯ ಮಾಡಿದ ತೋಟ ಅದು, 1585ರಲ್ಲಿ ನೆಟ್ಟ ತಾಳೆ ಮರಕ್ಕೆ ಗಾಜಿನ ಮನೆಯನ್ನೇ ಕಟ್ಟಿದ್ದಾರೆ. ಪಲಾಝೋ ಬೋ ಟಿಕೆಟ್ ಮಾತ್ರ ಮೊದಲೇ ಮಾಡಿಸಿಕೊಳ್ಳಿ.