ಕಪಾಟಿನ ಹಿಂದಿನ ಕಪ್ಪು

ನೆಲ ಕಪ್ಪಾದದ್ದಕ್ಕೆ ಮೊದಲು ಬೈಸಿಕೊಂಡವಳು ನಮ್ಮ ಕೆಲಸದ ಮಾವಶಿ. ಮುಂಬಯಿಯ ಮುಲುಂಡಿನ ಫ್ಲ್ಯಾಟಿನ ಬೆಡ್‌ರೂಮಿಗೆ ಎಂಜಿನಿಯರ್ಡ್ ವುಡ್ ಹಲಗೆ ಹಾಕಿದ ಕಂಪನಿಯವನು ಬಾಗಿಲಲ್ಲೇ ನಿಂತು, "ಒದ್ದೆ ಬಟ್ಟೇಲಿ ಒರೆಸಿದ್ದೀರಿ, ವಾರಂಟಿ ಸಿಗಲ್ಲ" ಎಂದುಬಿಟ್ಟ. ಅತ್ತೆಗೂ ಅದೇ ಸರಿ ಕಂಡಿತು. ಫಿನೈಲ್ ಬಕೆಟ್ ಕಂಡರೆ ಅವರಿಗೆ ಮೊದಲಿಂದಲೂ ಆಗದು. ಮಾವಶಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ವಹಿನಿ, ಕಪ್ಪಾಗಿರೋದು ಕಪಾಟಿನ ಹಿಂದೆ. ಅಲ್ಲಿಗೆ ನನ್ನ ಕೈ ಯಾವತ್ತು ಹೋಗಿದೆ?"

ಇಡೀ ಪ್ರಕರಣದಲ್ಲಿ ಇಷ್ಟು ಬುದ್ಧಿವಂತಿಕೆಯ ಮಾತು ಇನ್ನೊಂದು ಬರಲಿಲ್ಲ.

ಡೊಂಬಿವಲಿಯಿಂದ ಮರಗೆಲಸದ ಆಚಾರ್ರನ್ನು ಕರೆಸಿದೆವು, ಕಾರ್ಕಳ ಕಡೆಯವರು. ಕಪಾಟು ಸರಿಸಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ಕಿಟಕಿಯ ಬೆಳಕಿನತ್ತ ನೋಡಿದರು. ಒಂದೊಂದು ಹಲಗೆಯೂ ನಡುವೆ ತಗ್ಗಿ, ಎರಡೂ ಅಂಚು ಎದ್ದಿದ್ದವು. "ಇದು ಮೇಲಿಂದ ಬಿದ್ದ ನೀರಲ್ಲ ಅಕ್ಕ, ಅಡಿಯಿಂದ ಕುಡಿದದ್ದು." ಅಡಿಮೈ ಹೆಚ್ಚು ಹಿಗ್ಗಿದರೆ ಅಂಚು ಹೀಗೆ ಏಳುತ್ತದಂತೆ. ಮೇಲಿನ ಓಕ್ ಪದರ 3 ಮಿ.ಮೀ., ಕೆಳಗೆಲ್ಲ ಅಡ್ಡ-ಉದ್ದ ಅಂಟಿಸಿದ ಪ್ಲೈ. ಹಾಗೆ ಅಂಟಿಸಿದ್ದರಿಂದಲೇ ಅದು ಅಖಂಡ ಮರಕ್ಕಿಂತ ಕಡಿಮೆ ಕುಗ್ಗಿ ಹಿಗ್ಗುತ್ತದೆ. ನೀರು ನಿಂತರೆ ಮಾತ್ರ ಅದರ ಆಟವೂ ನಡೆಯುವುದಿಲ್ಲ. ಗೋಡೆಬುಡದ ಸ್ಕರ್ಟಿಂಗ್ ಪಟ್ಟಿ ಕಿತ್ತು ನೋಡಿದರೆ ಹಲಗೆಗಳಡಿಯ ಫೋಮ್ ಹಾಳೆಯ ಕೆಳಗೆ ನೀರು ಮಿನುಗುತ್ತಿತ್ತು.

ಜುಲೈ ತಿಂಗಳು, ಎಲ್ಲರೂ ಮಳೆಯನ್ನೇ ದೂರಿದರು. ಆದರೆ ಕಪಾಟಿನ ಹಿಂದಿನದು ಹೊರಗೋಡೆಯಲ್ಲ, ಬಾತ್‌ರೂಮಿನ ಕಡೆಯ ಗೋಡೆ. ಅದರ ಮೇಲೆ ಎಸಿ, ಎಸಿಯ ಡ್ರೈನ್ ಪೈಪು ಗೋಡೆಯೊಳಗೆ. ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಎಸಿ ಇಳಿಸುವ ನೀರೂ ಹೆಚ್ಚು. ಆಚಾರ್ರ ಮಾತಿನಂತೆ ಎಸಿ ಬಂದ್ ಮಾಡಿ ಫ್ಯಾನಿನಲ್ಲೇ ಬೆವರಿದೆವು. ಸ್ನಾನ ಎಂದಿನಂತೆ ನಡೆದಿತ್ತು, ಹೊರಗೆ ಮಳೆಯೂ ಸುರಿಯುತ್ತಿತ್ತು. ಆದರೂ ತೇವದ ಮೀಟರಿನ ಅಂಕಿ ಇಳಿಯತೊಡಗಿತು. ಗೋಡೆ ಒಡೆಸಿದಾಗ ಪೈಪಿನ ತುಂಬ ಲೋಳೆ, ತಿರುವಿನ ಎಲ್ಬೋ ಜೋಡಣೆ ಬಿಟ್ಟುಕೊಂಡಿತ್ತು. ಕಣ್ಣಿಗೆ ಚೆಂದವೆಂದು ಡ್ರೈನ್ ಪೈಪನ್ನು ಗೋಡೆಯಲ್ಲಿ ಹೂತುಹಾಕುವವರಿಗೆ ಏನನ್ನಬೇಕೋ!

ಬಣ್ಣದ ಕಥೆ ಬೇರೆ. ಉಳಿದೆಡೆ ಬೂದು ಛಾಯೆ, ಕಬ್ಬಿಣದ ಕಪಾಟಿನ ಕಾಲಡಿ ಮಾತ್ರ ಕಡುಗಪ್ಪು ಉಂಗುರ. ಓಕಿನಲ್ಲಿ ಟ್ಯಾನಿನ್ ಎಂಬ ಒಗರು ಇರುತ್ತದೆ. ಅದಕ್ಕೆ ಕಬ್ಬಿಣ ಮತ್ತು ನೀರು ಸೇರಿದರೆ ಕಪ್ಪು. ಹಿಂದೆ ಒಗರಿನ ಅಳಲೆಕಾಯಿಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಶಾಯಿ ಮಾಡುತ್ತಿದ್ದದ್ದೂ ಇದೇ ಗುಣದಿಂದ.

ಗಣಪತಿ ಹಬ್ಬದೊಳಗೆ ಉಜ್ಜಿಸಿ ಪಾಲಿಶ್ ಮುಗಿಸಬೇಕೆಂದು ನಮ್ಮವರ ಹಟ. ಆಚಾರ್ರು ಒಪ್ಪಲಿಲ್ಲ. "ಈಗ ಉಜ್ಜಿದ್ರೆ ಎದ್ದ ಅಂಚು ಸವೀತದೆ, ಒಣಗಿದ ಮೇಲೆ ನಡು ಉಬ್ಬಿ ನಿಲ್ತದೆ ಮಾರಾಯ್ರೆ. 3 ಮಿ.ಮೀ.ನಲ್ಲಿ ಎಷ್ಟು ಸಲ ಉಜ್ಜುವುದು?" ದೀಪಾವಳಿ ಕಳೆಯುವವರೆಗೆ ಕಾದೆವು. ಅಷ್ಟರಲ್ಲಿ ಬಹುಪಾಲು ಹಲಗೆಗಳು ತಾವಾಗಿ ಮಟ್ಟವಾಗಿದ್ದವು. ತೆಳ್ಳಗೆ ಉಜ್ಜಿ, ಆಕ್ಸಾಲಿಕ್ ಆಮ್ಲದ ನೀರು ಹಚ್ಚಿ ತೊಳೆದಾಗ ಕಲೆ ತಿಳಿಯಾಯಿತು. ಕಪಾಟಿನ ಕಾಲಡಿಯ ಹಲಗೆಗಳನ್ನು ಮಾತ್ರ ಬದಲಿಸಬೇಕಾಯಿತು.

ಪೈಪು ಈಗ ಗೋಡೆಯ ಮೇಲೇ ರಾಜಾರೋಷವಾಗಿ ಇಳಿದಿದೆ. ಹೊಸ ಹಲಗೆಗಳ ಬಿಳಿಚು ಎದ್ದು ಕಾಣುತ್ತದೆಂದು ಅತ್ತೆ ಅದರ ಮೇಲೆ ಚಾಪೆ ಹಾಸಿದ್ದರು. ಬಾಕಿ ಹಣಕ್ಕೆ ಬಂದ ಆಚಾರ್ರು ಅದನ್ನೂ ಸುತ್ತಿಸಿಟ್ಟರು: "ಬೆಳಕು ಬೀಳದೆ ಬಣ್ಣ ಹೇಗೆ ಕೂಡುವುದು ಅಮ್ಮ?"